ಪಾಪ ಯಾರದು?

ಬಾಸೆಲ್ ಮಿಷನ್ನಿನ ಪಾದ್ರಿಗಳು ಧಾರವಾಡಕ್ಕೆ ಬಂದದ್ದು 1837ರಲ್ಲಿ. 1839ಕ್ಕೆ ಹುಬ್ಬಳ್ಳಿಯಲ್ಲಿ ನೆಲೆಯೂರಿದರು, 1841ಕ್ಕೆ ಬೆಟಗೇರಿಗೆ ಹೋದರು. ಸಂತೆಯಲ್ಲಿ, ಜಾತ್ರೆಯಲ್ಲಿ, ಊರ ಬಾಗಿಲಲ್ಲಿ ನಿಂತು ಅವರು ಸಾರಿದ ಮಾತಿನ ತಿರುಳು ಮೂರೇ ಮೂರು. ಹುಟ್ಟಿದ ಮನುಷ್ಯರೆಲ್ಲ ಪಾಪಿಗಳು. ಕ್ರಿಸ್ತನನ್ನು ನಂಬಿದವನಿಗೆ ಪಾಪದಿಂದ ಬಿಡುಗಡೆ ಉಂಟು. ಹಾಗೆ ಬಿಡುಗಡೆಯಾದವನು ಸಾಯುವ ತನಕ ಪರಿಶುದ್ಧತೆಯಲ್ಲಿ ಬೆಳೆಯುತ್ತಲೇ ಹೋಗಬೇಕು.

ಅಗ್ರಹಾರದವರಿಗೆ ಮೊದಲನೆಯ ಮಾತೇ ಬೈಗುಳ. ಮಿಂದು ಮಡಿಯುಟ್ಟು ಸಂಧ್ಯಾವಂದನೆ ಮಾಡಿದವನನ್ನು ಪಾಪಿ ಅನ್ನಲಿಕ್ಕೆ ಈ ದನದ ಮಾಂಸ ತಿನ್ನುವ ಪರಂಗಿಯವನು ಯಾರು? ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ, ಅದರ ಬಗ್ಗೆ ಬರೆದವರೂ ಇದ್ದಾರೆ. ನನಗೆ ಬೇಕಾದದ್ದು ಬೇರೆ. ಅದೇ ಸಂತೆಯ ಅಂಚಿನಲ್ಲಿ, ಯಾರಿಗೂ ಮೈ ತಾಗದಂತೆ ಸರಿದು ನಿಂತ ಹೊಲಗೇರಿಯವನ ಕಿವಿಗೆ ಈ ಮೂರು ಮಾತು ಹೆಂಗ ಬಿದ್ದಿರಬೇಕು? ನಮ್ಮ ಸಾಹಿತ್ಯ ಚರಿತ್ರೆಯ ಪುಸ್ತಕ ತೆರೆದರೆ ಮೊಗ್ಲಿಂಗನ ‘ಮಂಗಳೂರು ಸಮಾಚಾರ’ ಸಿಗುತ್ತದೆ, 1843. ಕಿಟೆಲ್‌ನ ನಿಘಂಟು ಸಿಗುತ್ತದೆ, 1894. ಮಂಗಳೂರು ಹಂಚು ಸಿಗುತ್ತದೆ. ಇವರು ಸಮುದ್ರ ದಾಟಿ ಬಂದದ್ದು ಹಂಚು ಸುಡಲಿಕ್ಕೂ ಅಲ್ಲ, ನಿಘಂಟು ಬರೆಯಲಿಕ್ಕೂ ಅಲ್ಲ. ಪಾಪದ ಮಾತು ಹೇಳಲಿಕ್ಕೆ ಬಂದರು. ಆ ಮಾತಿಗೆ ಏನಾಯಿತು ಅನ್ನುವುದನ್ನು ಮಾತ್ರ ನಮ್ಮ ಪಂಡಿತರು ಚರ್ಚಿನವರ ಪಾಲಿಗೆ ಬಿಟ್ಟುಬಿಟ್ಟಿದ್ದಾರೆ.

ನಾನು ಇದನ್ನು ಬರೆಯುತ್ತಿರುವುದು ಲಕಮನಹಳ್ಳಿಯಿಂದ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಪಿ.ಬಿ. ರಸ್ತೆಯ ಕಡೆಗಿನ ಊರು. ಇವತ್ತು ಇದು ಅವಳಿ ನಗರದ ಮಹಾನಗರಪಾಲಿಕೆಗೆ ಸೇರಿದ ಕೈಗಾರಿಕಾ ಪ್ರದೇಶ. ಶೆಡ್ಡು, ಹಾಲಿನ ಡೇರಿ, ಪಾಳಿ ಮುಗಿಸಿ ಬರುವ ಹುಡುಗರು. ಮಿಷನ್ನಿನ ಎರಡು ಹಳೆಯ ಠಾಣೆಗಳ ನಡುವೆ ಬಿದ್ದಿರುವ ನೆಲ. ಧಾರವಾಡದಿಂದ ಹುಬ್ಬಳ್ಳಿಗೆ ಓಡಾಡುತ್ತಿದ್ದ ಪಾದ್ರಿಗಳು ಈ ಕಡೆಯ ಕರಿಮಣ್ಣು ತುಳಿದೇ ಹೋಗಿರಬೇಕು. ಅವರು ಇಲ್ಲಿ ನಿಂತರೋ ಇಲ್ಲವೋ, ಅವರು ಬಿಟ್ಟುಹೋದ ಪ್ರಶ್ನೆ ಮಾತ್ರ ನಮ್ಮ ಕಡೆ ನಿಂತೇ ಇದೆ.

ಮೊದಲು ನಮ್ಮ ಪಾಪದ ಲೆಕ್ಕ ನೋಡೋಣ.

ಕೇರಿಯ ಮುದುಕಿಯನ್ನು ಕೇಳಿ ನೋಡ್ರಿ, ನಾವು ಯಾಕ ಹಿಂಗ ಅಂತ. ‘ಹಿಂದಿನ ಜನ್ಮದಾಗ ಏನ ಪಾಪ ಮಾಡಿದ್ದಿವೋ ಯಪ್ಪಾ’ ಅಂತಾಳೆ. ನನ್ನ ಅಜ್ಜಿಯೂ ಹಾಗೇ ಅಂದವಳು. ಇದು ಅವಳು ತಾನಾಗಿ ಕಂಡುಕೊಂಡ ತತ್ವ ಅಲ್ಲ, ಅವಳಿಗೆ ಕಲಿಸಿದ್ದು. ಕರ್ಮ ಸಿದ್ಧಾಂತದ ಪ್ರಕಾರ ಹೊಲೆಯನಾಗಿ ಹುಟ್ಟುವುದೇ ಪಾಪದ ರುಜುವಾತು. ಯಾವ ಪಾಪ ಅಂತ ಗೊತ್ತಿಲ್ಲ, ಯಾವಾಗ ಮಾಡಿದ್ದು ಅಂತ ನೆನಪಿಲ್ಲ, ಸಾಕ್ಷಿ ಇಲ್ಲ, ವಕೀಲ ಇಲ್ಲ. ಶಿಕ್ಷೆ ಮಾತ್ರ ಖಾತ್ರಿ. ಭಾಷೆಯೂ ಅದೇ ಕೆಲಸ ಮಾಡಿದೆ. ‘ಹೊಲೆ’ ಅಂದರೆ ಮುಟ್ಟು, ಸೂತಕ, ಅಶುದ್ಧಿ. ಆ ಶಬ್ದವನ್ನು ಒಂದು ಜನಾಂಗದ ನೆತ್ತಿಯ ಮೇಲೆ ಹೊಡೆದು ಹೆಸರು ಮಾಡಿದರು. ಉಳಿದವರಿಗೆ ಮೈಲಿಗೆ ಬರುತ್ತದೆ, ಹೋಗುತ್ತದೆ. ಸತ್ತ ಮನೆಗೆ ಹೋದರೆ ಬರುತ್ತದೆ, ಸ್ನಾನ ಮಾಡಿದರೆ ಹೋಗುತ್ತದೆ. ನಮಗೆ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಾವೇ ಅದು!

ಹನ್ನೆರಡನೆಯ ಶತಮಾನದಲ್ಲಿ ಶರಣರು ಈ ಗಂಟನ್ನು ಒಮ್ಮೆ ಬಿಚ್ಚಿದ್ದರು. ಹೊಲೆತನ ಹುಟ್ಟಿನಲ್ಲಿಲ್ಲ, ನಡತೆಯಲ್ಲಿದೆ ಅಂದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಅವರ ಸಾಲಿನಲ್ಲಿ ಕುಳಿತರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನವಾಯಿತು ಅಂದಾಗ ಕಲ್ಯಾಣದಲ್ಲಿ ಏನಾಯಿತು ಅನ್ನುವುದು ನಮ್ಮ ಕಡೆಯ ಶಾಲಾ ಮಕ್ಕಳಿಗೂ ಗೊತ್ತು. ಪಾದ್ರಿಗಳು ಬರುವ ಹೊತ್ತಿಗೆ ಆ ಕಿಚ್ಚು ಮಠದ ಬೂದಿಯಾಗಿತ್ತು. ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಈಗ ಬಾಸೆಲ್‌ನವರ ಪಾಪ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಮಿಷನ್ ಹುಟ್ಟಿತು. ಅದರಲ್ಲಿ ಕಲಿತು ಹೊರಬಿದ್ದವರಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಹೆಚ್ಚಿನವರು ಹಳ್ಳಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಮೊಗ್ಲಿಂಗನಂತೆ ವಿಶ್ವವಿದ್ಯಾಲಯ ಕಂಡವರು ಕಡಿಮೆ. ಈಸ್ಟ್ ಇಂಡಿಯಾ ಕಂಪನಿಯ 1833ರ ಸನದು ಇಂಗ್ಲಿಷರಲ್ಲದ ಪಾದ್ರಿಗಳಿಗೂ ಬಾಗಿಲು ತೆರೆದ ಮೇಲೆ, 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅಲ್ಲಿಂದ ಮೂರು ವರ್ಷಕ್ಕೆ ಧಾರವಾಡ.

ಅವರ ಧರ್ಮದ ಬೇರು ಪಯಟಿಸಂ ಎಂಬ ಭಕ್ತಿ ಚಳವಳಿಯಲ್ಲಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮನುಷ್ಯ ತನ್ನ ಪುಣ್ಯಕಾರ್ಯದಿಂದ ದೇವರ ಮುಂದೆ ಸಾಚಾ ಆಗಲಾರ, ದೇವರ ಕೃಪೆಯಿಂದ ಮಾತ್ರ ಆಗುತ್ತಾನೆ ಅಂತ ಲೂಥರ್ ಹದಿನಾರನೆಯ ಶತಮಾನದಲ್ಲಿ ಹೇಳಿದ್ದ. ದಾನ, ಯಾತ್ರೆ, ಪುರೋಹಿತನ ಚೀಟಿ, ಯಾವುದಕ್ಕೂ ಬೆಲೆ ಇಲ್ಲ. ಇದು ಪುರೋಹಿತಶಾಹಿಯ ಹೊಟ್ಟೆಗೆ ಹೊಡೆದ ಮಾತೇ. ಆದರೆ ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಲೂಥರನ ಚರ್ಚೂ ಸರಕಾರಿ ಕಚೇರಿಯಂತಾಯಿತು. ಆಗ ಸ್ಪೇನರ್ ಎಂಬ ಪಾದ್ರಿ 1675ರಲ್ಲಿ ಒಂದು ಪುಸ್ತಕ ಬರೆದು ಕೇಳಿದ: ಕ್ಷಮೆ ಸಿಕ್ಕಿತು ಅಂತೀರಿ, ಹಂಗಾದರೆ ನಿಮ್ಮ ಬದುಕು ಯಾಕೆ ಬದಲಾಗಿಲ್ಲ? ಪಾಪದ ಕ್ಷಮೆ ಒಂದು ದಿನದ ಮಾತು, ಪಾಪದ ಹಿಡಿತದಿಂದ ಹೊರಗೆ ಬರುವುದು ಜೀವಮಾನದ ದುಡಿಮೆ. ಮನಸ್ಸು ತಿರುಗಬೇಕು, ನಡತೆ ತಿರುಗಬೇಕು, ಆ ತಿರುವು ಕಣ್ಣಿಗೆ ಕಾಣಬೇಕು. ಇದಕ್ಕೆ ಕನ್ನಡದ ಪಾದ್ರಿಗಳು ‘ಪವಿತ್ರೀಕರಣ’ ಅನ್ನುತ್ತಾರೆ. ಇಂಗ್ಲೆಂಡಿನ ಜಾನ್ ವೆಸ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇದೇ ಜನ್ಮದಲ್ಲಿ ಮನುಷ್ಯ ಪ್ರೀತಿಯಲ್ಲಿ ಪೂರ್ಣನಾಗಲು ಸಾಧ್ಯ ಅಂದ. ಮೈಸೂರು ಸೀಮೆಗೆ ಬಂದದ್ದು ಅವನ ವೆಸ್ಲಿಯನ್ ಮಿಷನ್. ಬೀದರ ಕಡೆಗೆ ಬಂದ ಅಮೆರಿಕದ ಮೆಥೊಡಿಸ್ಟರೂ ಅವನ ಬಳಗವೇ. ಅವರ ಸಭೆ ಸೇರಿದವರಲ್ಲಿ ದೊಡ್ಡ ಪಾಲು ಮಾದಿಗರು.

ಈ ಬೋಧನೆಯನ್ನು ಕೇರಿಯ ಕಿವಿಯಿಂದ ಕೇಳಿ. ಎಲ್ಲರೂ ಪಾಪಿಗಳು ಅನ್ನುವ ಮಾತು ಬ್ರಾಹ್ಮಣನಿಗೆ ಅವಮಾನ, ಆದರೆ ಹೊಲೆಯನಿಗೆ? ಅದು ಬಡ್ತಿ! ಇಲ್ಲಿ ತನಕ ಊರಿನ ಪಾಪವೆಲ್ಲ ಅವನೊಬ್ಬನ ತಲೆಯ ಮೇಲಿತ್ತು. ಈಗ ಗೌಡನಿಗೂ ಅಷ್ಟೇ ಪಾಪ, ಕುಲಕರ್ಣಿಗೂ ಅಷ್ಟೇ, ಹೇಳುತ್ತಿರುವ ಬಿಳಿ ಪಾದ್ರಿಗೂ ಅಷ್ಟೇ. ಪಾಪ ಹಂಚಿಹೋಯಿತು. ಹುಟ್ಟಿಗೆ ಅಂಟಿದ್ದ ಮೈಲಿಗೆ ಕಿತ್ತುಬಂದು ಎಲ್ಲರ ಎದೆಯೊಳಗಿನ ಮಾತಾಯಿತು. ಸತ್ಯವೇದದ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಕೈ ತೊಳೆಯದೆ ಉಂಡವರ ಪರ ವಾದ ಮಾಡುತ್ತಾನೆ: ಹೊರಗಿನಿಂದ ಹೊಟ್ಟೆಗೆ ಹೋಗುವುದರಿಂದ ಮನುಷ್ಯ ಹೊಲಸಾಗುವುದಿಲ್ಲ, ಒಳಗಿನಿಂದ ಹೊರಗೆ ಬರುವ ಕೇಡಿನಿಂದ ಆಗುತ್ತಾನೆ ಅಂತ. ಸತ್ತ ದನದ ಮಾಂಸ ತಿನ್ನುವವರು ಅಂತ ಊರ ಹೊರಗೆ ಇಟ್ಟವರಿಗೆ ಈ ಅಧ್ಯಾಯ ಓದಿ ಹೇಳಿದರೆ ಅದು ಬರೀ ಧರ್ಮಬೋಧೆ ಆದೀತೇ?

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಇನ್ನೂ ಹರಿತ. ಪಾಪದಿಂದ ಬಿಡುಗಡೆ, ಪರಿಶುದ್ಧತೆಯ ಕಡೆಗೆ ನಡಿಗೆ, ಎರಡನ್ನೂ ಅವನು ಹೇಳುವುದು ಗುಲಾಮಗಿರಿಯ ಭಾಷೆಯಲ್ಲಿ. ಪಾಪ ಒಡೆಯ, ಮನುಷ್ಯ ಆಳು, ದುಡಿಮೆಯ ಕೂಲಿ ಮರಣ. ಒಡೆಯ ಬದಲಾದ, ಹಳೆಯ ಒಡೆಯನಿಗೆ ಇನ್ನು ನಿನ್ನ ಮೇಲೆ ಹಕ್ಕಿಲ್ಲ. ಗುಲಾಮರು ತುಂಬಿದ್ದ ರೋಮಿನಲ್ಲಿ ಇದು ಉಪಮೆಯೂ ಹೌದು, ಉಪಮೆಗಿಂತ ಹೆಚ್ಚೂ ಹೌದು. ಪಾದ್ರಿಗಳಿಗೆ ಅದು ಬರೀ ಉಪಮೆಯಾಗಿತ್ತು. ಕೇಳುವವನೇ ನಿಜವಾದ ಜೀತದಾಳಾಗಿದ್ದರೆ?

ಹಾಗೆ ಕೇಳಿದವರು ಇದ್ದರು, ನಮ್ಮ ಸೀಮೆಯಲ್ಲಲ್ಲ, ಕೊಡಗಿನಲ್ಲಿ. ಅಲ್ಲಿನ ಹೊಲೆಯರು ಜಮ್ಮ ಭೂಮಿಗೆ ಅಂಟಿದ ಆಳುಗಳು. ಗದ್ದೆಯ ಜೊತೆ ಕೈ ಬದಲಾಗುತ್ತಿದ್ದವರು. 1843ರ ಕಾಯಿದೆ ಗುಲಾಮರ ಮೇಲಿನ ಹಕ್ಕನ್ನು ಕೋರ್ಟು ಮಾನ್ಯ ಮಾಡಬಾರದು ಅಂತ ಹೇಳಿತ್ತು. ಕಾಯಿದೆ ಕಾಗದದ ಮೇಲೆ, ಆಳು ಗದ್ದೆಯಲ್ಲಿ! 1853ರಲ್ಲಿ ಅಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವ ಕ್ರೈಸ್ತನಾದ. ಅವನ ಬೆನ್ನಿಗೆ ಮೊಗ್ಲಿಂಗ್ ಕೊಡಗಿಗೆ ಹೋದ. ಅವನ ಕಣ್ಣು ಇದ್ದದ್ದು ಕೊಡವರ ಮೇಲೆ. ಗೌರವಸ್ಥ ಕುಲ, ಅವರು ಬಂದರೆ ನಾಡೇ ಬಂದಂತೆ ಎಂಬ ಲೆಕ್ಕ. ಕೊಡವರು ಬರಲಿಲ್ಲ. ಬಂದವರು ಗದ್ದೆಯ ಹೊಲೆಯರು. ಕರೆಯದ ಮನೆಗೆ ಬಂದು ಜಗುಲಿಯ ಕೆಳಗೆ ಕುಳಿತು ನಮಗೂ ಹೇಳಿಕೊಡಿ ಅಂದಂತೆ. ಆ ದಶಕದ ಕೊನೆಯ ಹೊತ್ತಿಗೆ ಅಮ್ಮತ್ತಿಯ ಕಡೆ ಆನಂದಪುರ ಎಂಬ ಊರೇ ಎದ್ದಿತು. ಕಾಡು ಕಡಿದು ಕಾಫಿ ಹಾಕಿದರು, ಮನೆ ಕಟ್ಟಿದರು, ಶಾಲೆ ಮಾಡಿದರು. ಮೊಗ್ಲಿಂಗ್ 1860ರಲ್ಲಿ ತನ್ನ ದೇಶಕ್ಕೆ ಹೊರಟುಹೋದ. ಹೊಲೆಯರ ಊರು ಉಳಿಯಿತು.

ಗಮನಿಸಿ ಗೆಳೆಯರೆ. ಮಿಷನ್ ಆರಿಸಿದ್ದು ಒಡೆಯನನ್ನು, ಮಾತನ್ನು ಆರಿಸಿಕೊಂಡದ್ದು ಆಳು. ಪಾಪದಿಂದ ಬಿಡುಗಡೆ ಅಂತ ಪಾದ್ರಿ ಹೇಳಿದ. ಆಳಿಗೆ ಅದರಲ್ಲಿ ‘ಬಿಡುಗಡೆ’ ಎಂಬ ಒಂದು ಶಬ್ದ ಸಾಕಾಗಿತ್ತು. ಇದನ್ನು ಆಮಿಷ ಅನ್ನುವವರಿದ್ದಾರೆ, ಅನ್ನದ ಕ್ರಿಸ್ತರು ಅಂತ ಹೀಯಾಳಿಸುವವರಿದ್ದಾರೆ. ಮನುಷ್ಯ ಜೀತ ಬಿಡಲು ಬಯಸುವುದು ಆಮಿಷವಾದರೆ, ಜೀತ ಇಟ್ಟುಕೊಳ್ಳಲು ಬಯಸುವುದಕ್ಕೆ ಏನಂತ ಹೆಸರಿಡುತ್ತೀರಿ?

ಧಾರವಾಡ ಸೀಮೆಯಲ್ಲಿ ಕಥೆ ಹೀಗೆ ಆಗಲಿಲ್ಲ. 1840ರ ಸುಮಾರಿಗೆ ಹುಬ್ಬಳ್ಳಿ ಕಡೆಯ ಕಾಲಜ್ಞಾನದ ಅನುಯಾಯಿಗಳು ಸಾವಿರಗಟ್ಟಲೆ ಬಂದು ಸೇರುತ್ತಾರೆ ಅಂತ ಪಾದ್ರಿಗಳು ಆಸೆ ಇಟ್ಟುಕೊಂಡರು. ಗದಗಿನ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ಕ್ರೈಸ್ತ ಊರು ಕಟ್ಟಲು ಹೊರಟರು. ಸಾವಿರ ಜನ ಬರಲಿಲ್ಲ, ಊರು ಕೈಗೂಡಲಿಲ್ಲ. ಮುಂದೆ ಗುಳೇದಗುಡ್ಡದಲ್ಲಿ, ಬೆಟಗೇರಿಯಲ್ಲಿ ಬಂದವರು ಅಲ್ಲೊಬ್ಬ ಇಲ್ಲೊಬ್ಬ ನೇಕಾರ, ಬರಗಾಲದಲ್ಲಿ ತಂದೆತಾಯಿ ಸತ್ತ ಅನಾಥ ಮಕ್ಕಳು. 1876ರಿಂದ 78ರ ಬರ ನಮ್ಮ ಸೀಮೆಯ ಹಳ್ಳಿಗಳನ್ನು ಹೆಂಗ ತಿಂದಿತು ಅನ್ನುವುದನ್ನು ಇಲ್ಲಿ ಹೇಳಹೊರಟರೆ ಅದೇ ಬೇರೆ ಲೇಖನವಾದೀತು.

ಧಾರವಾಡದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದಕ್ಕೂ ಮಿಷನ್ನಿಗೂ ನೇರ ಸಂಬಂಧವಿಲ್ಲ. ಆದರೆ ಪಾಪದ ಲೆಕ್ಕ ಬರೆಯುವವನು ಅದನ್ನು ಬಿಡುವಂತಿಲ್ಲ. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟ. ಫೀ ಕೊಡುತ್ತೇನೆ ಅಂದ. ಆಗಲಿಲ್ಲ. ಅರ್ಜಿ ಮುಂಬಯಿ ಸರಕಾರದ ತನಕ ಹೋಯಿತು. ಜುಲೈಯಲ್ಲಿ ಸರಕಾರ ಠರಾವು ಮಾಡಿತು: ನ್ಯಾಯ ಹುಡುಗನ ಕಡೆಗೇ ಇದೆ, ಖರೆ, ಆದರೆ ಒಬ್ಬನ ಸಲುವಾಗಿ ಅವನನ್ನು ಒಳಗೆ ಬಿಟ್ಟರೆ ಉಳಿದ ಜಾತಿಯ ಹುಡುಗರು ಎದ್ದುಹೋಗಿ ಶಾಲೆಯೇ ನಿರುಪಯೋಗವಾದೀತು. ನ್ಯಾಯ ಗೊತ್ತಿದ್ದೂ ಬಾಗಿಲು ಹಾಕಿತು! ಕಲಕತ್ತೆಯ ಸರಕಾರ ಇದನ್ನು ಒಪ್ಪಲಿಲ್ಲ, ಬಂಗಾಳದಲ್ಲಾಗಿದ್ದರೆ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಅಂತ ಬರೆಯಿತು. 1858ರಲ್ಲಿ ಲಂಡನ್ನಿನ ಡೈರೆಕ್ಟರರು ಸರಕಾರದ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಅಂದರು. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಹುಡುಗನನ್ನು ಮರೆಯದೆ ತಂದು ನಿಲ್ಲಿಸಿದರು.

ಈಗ ಕೇಳುತ್ತೇನೆ. ಈ ಊರಿನಲ್ಲಿ ಪಾಪದ ಬೋಧನೆ ಶುರುವಾಗಿ ಆಗ ಹತ್ತೊಂಬತ್ತು ವರ್ಷ. ಠರಾವು ಬರೆದ ಸಾಹೇಬರೂ ಭಾನುವಾರ ಚರ್ಚಿಗೆ ಹೋಗುವ ಸಮಾಜದವರೇ. ಆ ಶಾಲೆಯ ಬಾಗಿಲಲ್ಲಿ ನಡೆದದ್ದು ಪಾಪವೋ ಅಲ್ಲವೋ? ಪಾಪವಾದರೆ ಯಾರದು? ಮೇಷ್ಟರದೋ, ಎದ್ದುಹೋಗುತ್ತೇವೆ ಅಂದವರದೋ, ಠರಾವಿನದೋ? ಒಬ್ಬೊಬ್ಬನ ಎದೆ ಬಗೆದು ನೋಡಿದರೆ ಎಲ್ಲರೂ ಸಭ್ಯರೇ. ಕುಡಿದವರಿಲ್ಲ, ಕದ್ದವರಿಲ್ಲ. ಪಾಪ ಮಾತ್ರ ನಡೆದುಹೋಯಿತು.

ಬಾಸೆಲ್‌ನವರ ಬೋಧನೆ ತಡವರಿಸಿದ್ದು ಇಲ್ಲಿಯೇ ಅಂತ ನನಗನ್ನಿಸುತ್ತದೆ. ಅವರು ಜಾತಿಯ ವಿಷಯದಲ್ಲಿ ಸಡಿಲರಾಗಿರಲಿಲ್ಲ, ಇದನ್ನು ಹೇಳಲೇಬೇಕು. ತಮಿಳುನಾಡಿನ ಲೈಪ್‌ಸಿಗ್ ಮಿಷನ್ನಿನ ಲೂಥರನ್ನರು ಜಾತಿಯನ್ನು ಲೋಕರೂಢಿ ಅಂತ ಸಹಿಸಿಕೊಂಡರು. ಬಾಸೆಲ್‌ನವರು ಹಾಗಲ್ಲ, ಸಭೆ ಸೇರುವವನು ಜಾತಿಯನ್ನು ಹೊರಗೆ ಬಿಟ್ಟೇ ಬರಬೇಕು, ಒಂದೇ ರೊಟ್ಟಿ ಮುರಿದು ತಿನ್ನಬೇಕು, ಒಂದೇ ಬಟ್ಟಲಿನಲ್ಲಿ ಕುಡಿಯಬೇಕು ಅಂದರು. ಆ ಪಂಕ್ತಿಯಲ್ಲಿ ಮೊದಲ ಸಲ ಕುಳಿತವನ ಮೈ ನಡುಗಿರಲಿಕ್ಕೆ ಸಾಕು. ಕಡಿಮೆ ಮಾತಲ್ಲ ಇದು. ಆದರೆ ಸಭೆಯ ಒಳಗೆ ಬಂದ ಮೇಲೆ ಪಾಪದ ಪಟ್ಟಿ ಬದಲಾಯಿತು. ಕುಡಿತ, ಸಾಲ, ಸೋಮಾರಿತನ, ಭಾನುವಾರ ಕೆಲಸ, ಜಾತ್ರೆಗೆ ಹೋಗುವುದು, ಹಳೆಯ ದೇವರಿಗೆ ಕೈಮುಗಿಯುವುದು, ಗಂಡ ಹೆಂಡಿರ ಜಗಳ. ಸಭೆಯ ಹಿರಿಯರು ಇವನ್ನೆಲ್ಲ ವಿಚಾರಣೆ ಮಾಡುವರು. ತಪ್ಪಿದವನನ್ನು ಕರ್ತನ ಭೋಜನದಿಂದ ದೂರವಿಡುವರು, ತಿದ್ದಿಕೊಂಡರೆ ಮತ್ತೆ ಸೇರಿಸಿಕೊಳ್ಳುವರು.

ಮಿಷನ್ನಿನ ಕಾರ್ಖಾನೆಗಳೂ ಇದೇ ಶಾಲೆಯ ಮುಂದಿನ ತರಗತಿ. ಮಂಗಳೂರಿನಲ್ಲಿ ನೇಯ್ಗೆ ಶುರುವಾದದ್ದು 1840ರ ದಶಕದಲ್ಲಿ, ಹಂಚಿನ ಕಾರ್ಖಾನೆ 1865ರಲ್ಲಿ. ಜಾತಿ ಬಿಟ್ಟವನಿಗೆ ಕುಲಕಸುಬೂ ಹೋಗುತ್ತದೆ, ಒಕ್ಕಲೂ ಹೋಗುತ್ತದೆ. ಅವನಿಗೆ ಕೆಲಸ ಕೊಡಬೇಕಲ್ಲ ಎಂಬುದು ಒಂದು ಕಾರಣ. ದುಡಿಮೆಯೇ ಪರಿಶುದ್ಧತೆಯ ಅಭ್ಯಾಸ ಎಂಬುದು ಎರಡನೆಯದು. ಪ್ರಾರ್ಥನೆಯಿಂದ ದಿನ ಶುರು, ಆಮೇಲೆ ಗಂಟೆ, ಮಗ್ಗ, ಹಾಜರಿ. ಪವಿತ್ರೀಕರಣ ಎಂಬ ದೊಡ್ಡ ಮಾತು ಹೊತ್ತಿಗೆ ಸರಿಯಾಗಿ ಬರುವುದು ಎಂಬ ಸಣ್ಣ ಮಾತಿಗೆ ಇಳಿಯಲಿಕ್ಕೆ ಬಹಳ ದಿನ ಬೇಕಾಗಲಿಲ್ಲ. ಲಕಮನಹಳ್ಳಿಯ ಶೆಡ್ಡುಗಳ ನಡುವೆ ಓಡಾಡುವವನಿಗೆ ಇದು ಬೇಗ ತಿಳಿಯುತ್ತದೆ. ಒಳ್ಳೆಯ ಕೆಲಸಗಾರನಿಗೂ ಒಳ್ಳೆಯ ಮನುಷ್ಯನಿಗೂ ಧಣಿಯ ಲೆಕ್ಕದಲ್ಲಿ ಫರಕು ಇರುವುದಿಲ್ಲ.

ನಾನು ಇದನ್ನು ಗೇಲಿ ಮಾಡುತ್ತಿಲ್ಲ. ಕುಡಿತ ಬಿಟ್ಟ ಮನೆಯಲ್ಲಿ ಹೆಣ್ಣುಮಗಳು ಹೊಡೆತ ತಿನ್ನದೆ ಮಲಗಿದ್ದು ನಿಜ. ಅಕ್ಷರ ಬಲ್ಲ ತಾಯಿ ಮಗಳಿಗೆ ಅಕ್ಷರ ಕಲಿಸಿದ್ದು ನಿಜ. ಕೇರಿಯ ಕುಡಿತದ ಬಗ್ಗೆ ನಮ್ಮ ಸಂಘಟನೆಗಳೇ ಎಷ್ಟು ಸಭೆ ಮಾಡಿಲ್ಲ? ನನ್ನ ತಕರಾರು ಬೇರೆ. ಹೊಲೆಯನ ಹೆಂಡದ ಗಡಿಗೆ ಪಾಪವಾಯಿತು, ಹೆಂಡದ ಗುತ್ತಿಗೆಯನ್ನು ಹರಾಜು ಹಾಕಿದ ಸರಕಾರ ಪಾಪವಾಗಲಿಲ್ಲ. ಸಾಲ ಮಾಡಿದವನು ಪಾಪಿಯಾದ. ಬಡ್ಡಿ ತಿಂದವನು ಸಭೆಗೆ ಸೇರಿದವನಲ್ಲ, ಹಾಗಾಗಿ ಅವನ ವಿಚಾರಣೆಯೇ ಇಲ್ಲ. ಪಾಪವನ್ನು ಹುಟ್ಟಿನಿಂದ ಬಿಡಿಸಿದವರು ಅದನ್ನು ತಂದು ಮತ್ತೆ ಬಡವನ ನಡತೆಗೆ ಕಟ್ಟಿದರು.

ಬೇರೆ ಥರ ಮಾಡಲು ಸಾಧ್ಯವಿತ್ತೇ? ಇತ್ತು. ಅದೇ ಬಾಸೆಲ್ ಮಿಷನ್, ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, 1860ರ ದಶಕದ ಆರಂಭದಲ್ಲಿ ಸಭೆಯ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವಂತಿಲ್ಲ, ಬಿಡುಗಡೆ ಮಾಡಬೇಕು ಅಂತ ನಿಯಮ ಮಾಡಿತು. ಅಲ್ಲಿ ಒಡೆಯರೇ ಸಭೆಯಲ್ಲಿದ್ದರು, ಆದ್ದರಿಂದ ಒಡೆತನಕ್ಕೇ ಪಾಪ ಅಂತ ಹೆಸರು ಬಂತು. ಆಳು ಇಟ್ಟುಕೊಂಡವನ ಪವಿತ್ರೀಕರಣ ಆಳನ್ನು ಬಿಡುವುದರಿಂದ ಶುರುವಾಗಬೇಕಾಯಿತು. ವೆಸ್ಲಿಯೂ 1774ರಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದ. 1791ರಲ್ಲಿ, ಸಾಯುವ ಕೆಲವೇ ದಿನ ಮುಂಚೆ, ಪಾರ್ಲಿಮೆಂಟಿನಲ್ಲಿ ಆ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸನಿಗೆ ಕೈ ಬಿಡಬೇಡ ಅಂತ ಪತ್ರ ಬರೆದ. ಒಬ್ಬನೇ ಮೂಲೆಯಲ್ಲಿ ಕುಳಿತು ಪವಿತ್ರನಾಗುವ ಧರ್ಮ ತನ್ನದಲ್ಲ ಅಂತ ಅವನು ಮೊದಲಿನಿಂದಲೂ ಹೇಳಿಕೊಂಡು ಬಂದವನು. ನಮ್ಮಲ್ಲಿ ಗೌಡ, ಕುಲಕರ್ಣಿ, ಸಾವಕಾರ ಸಭೆಯ ಹೊರಗಿದ್ದರು. ಹೊರಗಿನವರ ಪಾಪವನ್ನು ಹೆಸರು ಹಿಡಿದು ಕೂಗಲು ಮಿಷನ್ನಿಗೆ ಕಂಪನಿ ಸರಕಾರದ ಅಂಜಿಕೆಯೂ ಇತ್ತು, ತನ್ನ ಶಾಲೆಗೆ ಬರುವ ಮೇಲ್ಜಾತಿ ಮಕ್ಕಳ ಆಸೆಯೂ ಇತ್ತು. ಈ ಕೊನೆಯದು ನನ್ನ ಅನುಮಾನ.

ಅಂಬೇಡ್ಕರರು ಈ ಹುಣ್ಣಿನ ಮೇಲೆ ನೇರ ಬೆರಳಿಟ್ಟರು. ಕ್ರೈಸ್ತನಾದ ಅಸ್ಪೃಶ್ಯನ ಸ್ಥಿತಿಯ ಬಗ್ಗೆ ಅವರು ಬರೆದದ್ದು ಅವರ ಕಾಲಾನಂತರ, 1989ರಲ್ಲಿ ಅವರ ಬರಹಗಳ ಐದನೆಯ ಸಂಪುಟದಲ್ಲಿ ಅಚ್ಚಾಯಿತು. ಅವರ ವಾದದ ಸಾರ ಇಷ್ಟು. ಹಿಂದೂ ಆಗಿದ್ದಾಗ ಅಸ್ಪೃಶ್ಯನಿಗೆ ನಿನ್ನ ಸ್ಥಿತಿಗೆ ನಿನ್ನ ಕರ್ಮ ಕಾರಣ ಅಂದರು. ಕ್ರೈಸ್ತನಾದ ಮೇಲೆ ಮನುಷ್ಯನ ಪತನಕ್ಕೆ ಪಾಪ ಕಾರಣ ಅಂತ ಪಾದ್ರಿ ಹೇಳಿದ. ಎರಡರಲ್ಲೂ ಅವನ ಸುತ್ತಲಿನ ಸಮಾಜ ತಪ್ಪಿಸಿಕೊಂಡಿತು. ತನ್ನ ದುರವಸ್ಥೆಗೆ ಕೆಟ್ಟ ವ್ಯವಸ್ಥೆ ಕಾರಣ ಅಂತ ತಿಳಿದವನು ವ್ಯವಸ್ಥೆಯನ್ನು ಬದಲಿಸಲು ಏಳುತ್ತಾನೆ. ಪಾಪ ಕಾರಣ ಅಂತ ನಂಬಿದವನು ಮೊಣಕಾಲೂರುತ್ತಾನೆ. ಮಿಷನ್ನಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಗೌರವವಿಟ್ಟುಕೊಂಡೇ ಅವರು ಇದನ್ನು ಬರೆದರು. ಧಾರವಾಡಕ್ಕೂ ಅವರಿಗೂ ಇರುವ ನಂಟು ನಮ್ಮವರಿಗೆ ಗೊತ್ತೇ ಇದೆ. 1856ರಲ್ಲಿ ಮಹಾರ ಹುಡುಗನಿಗೆ ಬಾಗಿಲು ಹಾಕಿದ ಊರಿನಲ್ಲೇ 1929ರಲ್ಲಿ ಅವರು ದಲಿತ ಮಕ್ಕಳಿಗೆ ವಸತಿನಿಲಯ ತೆರೆದರು. ಅವರು ಪಾಪದ ಬಗ್ಗೆ ಬೋಧನೆ ಮಾಡಲಿಲ್ಲ, ಮಲಗಲು ಜಾಗ ಕೊಟ್ಟರು, ಓದಲು ದೀಪ ಕೊಟ್ಟರು.

ಹಾಗಂತ ಅಂಬೇಡ್ಕರರ ಮಾತಿಗೆ ಆನಂದಪುರದ ಹೊಲೆಯರನ್ನು ಪೂರ್ತಿ ಒಪ್ಪಿಸಲು ನನಗೆ ಮನಸ್ಸಿಲ್ಲ. ಅವರು ಮೊಣಕಾಲೂರಿದರು, ಎದ್ದು ಗದ್ದೆಯಿಂದ ಹೊರಗೂ ನಡೆದರು. ಬೋಧನೆ ಒಂದು, ಅದನ್ನು ಹಿಡಿದುಕೊಂಡ ಕೈ ಇನ್ನೊಂದು.

ಶಬ್ದದ ಮಾತು ಒಂದು ಉಳಿದಿದೆ. ಸತ್ಯವೇದ ಕನ್ನಡಕ್ಕೆ ಬಂದಾಗ (ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅದನ್ನು ಪೂರ್ತಿ ಮಾಡಿದ್ದು 1831ರಲ್ಲಿ, ಆಮೇಲೆ ತಿದ್ದುಪಡಿಗಳಾದವು) ‘ಪವಿತ್ರ’, ‘ಪರಿಶುದ್ಧ’ ಎಂಬ ಶಬ್ದಗಳು ಅದರಲ್ಲಿ ನೆಲೆಯಾದವು. ಪವಿತ್ರ ಅಂದರೆ ಏನು? ಪುರೋಹಿತ ಬೆರಳಿಗೆ ಹಾಕಿಕೊಳ್ಳುವ ದರ್ಭೆಯ ಉಂಗುರಕ್ಕೂ ಪವಿತ್ರ ಅಂತಲೇ ಹೆಸರು. ಶುದ್ಧ ಅಂದ ಕೂಡಲೆ ಪಕ್ಕದಲ್ಲಿ ಅಶುದ್ಧ ಬಂದು ನಿಲ್ಲುತ್ತದೆ, ಅಶುದ್ಧ ಅಂದ ಕೂಡಲೆ ಊರು ನಮ್ಮ ಕೇರಿಯ ಕಡೆ ನೋಡುತ್ತದೆ. ಹೀಬ್ರೂ ಮೂಲದ ಶಬ್ದಕ್ಕೆ ‘ಬೇರೆಯಾಗಿ ಇಟ್ಟದ್ದು’ ಎಂಬ ಅರ್ಥ ಹೇಳುತ್ತಾರೆ. ಬೇರೆಯಾಗಿ ಇಡುವುದು ನಮಗೇನು ಹೊಸದಲ್ಲ. ಮಡಿಯಲ್ಲಿರುವವನೂ ಬೇರೆ, ಮೈಲಿಗೆಯವನೂ ಬೇರೆ. ಇಲ್ಲೇ ಸವದತ್ತಿಯ ಗುಡ್ಡದಲ್ಲಿ ಎಷ್ಟು ದಲಿತ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ದೇವರಿಗೆ ‘ಬಿಟ್ಟರು’! ದೇವರಿಗೆ ಮೀಸಲು ಅಂದರು, ಊರ ಗಂಡಸರು ಉಂಡರು. ನಿಷೇಧದ ಕಾಯಿದೆ 1934ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಂತು, ಕರ್ನಾಟಕದ್ದು 1982ರಲ್ಲಿ. ಇಂಥ ನೆಲದಲ್ಲಿ ಪರಿಶುದ್ಧತೆಯಲ್ಲಿ ಬೆಳೆಯಿರಿ ಅನ್ನುವವನು ಯಾರಿಂದ ದೂರ ಸರಿದು ಬೆಳೆಯಬೇಕು ಅನ್ನುವುದನ್ನೂ ಹೇಳಬೇಕಿತ್ತು. ಸುವಾರ್ತೆಯ ಯೇಸು ಕುಷ್ಠರೋಗಿಯನ್ನು ಮುಟ್ಟಿ ವಾಸಿಮಾಡುತ್ತಾನೆ. ಮುಟ್ಟುವುದರಿಂದ ಮೈಲಿಗೆ ಹರಡುವುದಿಲ್ಲ, ಶುದ್ಧಿ ಹರಡುತ್ತದೆ ಎಂಬ ಆ ಕಥೆಗೆ ತಕ್ಕ ಶಬ್ದ ಕನ್ನಡದಲ್ಲಿ ಇನ್ನೂ ಹುಟ್ಟಬೇಕಾಗಿದೆ.

ಚರ್ಚಿನ ಒಳಗಿನಿಂದಲೂ ಈ ಪ್ರಶ್ನೆ ಎದ್ದಿತು, ತಡವಾಗಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ 1981ರಲ್ಲಿ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ಚರ್ಚೆ ಶುರುವಾಯಿತು ಅನ್ನುತ್ತಾರೆ. ಆ ದಾರಿ ಹಿಡಿದವರು ಜಾತಿಯನ್ನೇ ಪಾಪ ಅಂದರು: ಒಬ್ಬನ ಎದೆಯೊಳಗಿನದಲ್ಲ, ಊರೇ ಸೇರಿ ಕಟ್ಟಿದ್ದು, ಚರ್ಚೂ ಅದರಲ್ಲಿ ಪಾಲುದಾರ. ಅಷ್ಟು ಹೊತ್ತಿಗೆ ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಬೀದಿಗಿಳಿದಾಗಿತ್ತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿಯಾಗಿತ್ತು. ಬೀದಿ ಮೊದಲು, ಪೀಠ ಆಮೇಲೆ. ನಮ್ಮ ದೇಶದಲ್ಲಿ ಯಾವಾಗಲೂ ಹಂಗ.

ಇನ್ನು ಸ್ವತಂತ್ರ ಭಾರತದ ಸರಕಾರ ಈ ಬಿಡುಗಡೆಗೆ ಹಾಕಿದ ಬೆಲೆ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರನ್ನೂ ಮುಸ್ಲಿಮರನ್ನೂ ಬಿಟ್ಟರು. ಕರ್ನಾಟಕದಲ್ಲಿ ಕ್ರೈಸ್ತನಾದ ಪರಿಶಿಷ್ಟನಿಗೆ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಜಾಗ. ಅಂದರೆ ದೀಕ್ಷಾಸ್ನಾನದ ನೀರು ತಲೆಗೆ ಬಿದ್ದ ಕೂಡಲೆ ಸರಕಾರದ ಕಣ್ಣಿಗೆ ಅವನ ಅಸ್ಪೃಶ್ಯತೆ ತೊಳೆದುಹೋಯಿತು! ಪಾದ್ರಿ ನಂಬಿದ್ದಕ್ಕಿಂತ ಗಟ್ಟಿಯಾಗಿ ಸರಕಾರ ಪವಿತ್ರೀಕರಣವನ್ನು ನಂಬುತ್ತದೆ. ಊರ ಕಣ್ಣಿಗೆ ತೊಳೆದಿದೆಯೋ ಇಲ್ಲವೋ ಕೇಳುವವರಿಲ್ಲ.

ಕೇಳಿದ ಒಬ್ಬ ಬಡವನ ಕಥೆ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು, ಹುಟ್ಟಿನಿಂದ ಆದಿ ದ್ರಾವಿಡ, ಮತದಿಂದ ಕ್ರೈಸ್ತ. ಅಂಥ ಕೆಲಸಗಾರರಿಗೆ ಸರಕಾರ ಪುಕ್ಕಟೆ ಗೂಡಂಗಡಿ ಕೊಟ್ಟಾಗ ಪಕ್ಕದಲ್ಲಿ ಕುಳಿತು ಅದೇ ಚಪ್ಪಲಿ ಹೊಲಿಯುವ ಹಿಂದೂವಿಗೆ ಸಿಕ್ಕಿತು, ಇವನಿಗೆ ಸಿಗಲಿಲ್ಲ. ಸೂಸೈ ಪ್ರಕರಣ ಅಂತ ಹೆಸರಾದ ಆ ಮೊಕದ್ದಮೆಯಲ್ಲಿ 1985ರಲ್ಲಿ ತೀರ್ಪು ಬಂತು: ಮತ ಬದಲಿಸಿದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಹೊಸ ಸಮುದಾಯದಲ್ಲಿ ಉಳಿದಿದೆ ಅಂತ ರುಜುವಾತಾಗಬೇಕು. ಅವನ ಕೈಯಲ್ಲಿದ್ದ ತೊಗಲು, ಉಳಿ, ಕುಳಿತ ರಸ್ತೆ ರುಜುವಾತಿಗೆ ಸಾಲಲಿಲ್ಲ.

2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಮತದ ಈ ಷರತ್ತನ್ನು ತೆಗೆದುಹಾಕಿ ಅಂತ ಶಿಫಾರಸು ಮಾಡಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಮತ್ತೆ ಇದೇ ಪ್ರಶ್ನೆ ನೋಡಲು ಬಾಲಕೃಷ್ಣನ್ ಆಯೋಗ ನೇಮಿಸಿತು. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಹೊರಟಾಗ, ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಬರೆದ ಹೆಸರುಗಳು ಪಟ್ಟಿಯಲ್ಲಿ ಕಂಡವು. ಮಾದಿಗ ಕ್ರಿಶ್ಚಿಯನ್ ಎಂಬಂಥವು. ದೊಡ್ಡ ಗದ್ದಲವೆದ್ದಿತು. ಅಂಥ ಜಾತಿಯೇ ಇಲ್ಲ ಅಂದವರು ಕೆಲವರು, ಇದು ಮತಾಂತರಕ್ಕೆ ಕುಮ್ಮಕ್ಕು ಅಂದವರು ಕೆಲವರು. ಗಣತಿಯ ಆ್ಯಪ್‌ನಲ್ಲಿ ಆ ಹೆಸರುಗಳು ಕಾಣದಂತೆ ಮಾಡಿದರು. ಮನೆಯವರು ತಾವಾಗಿ ಬಾಯಿಬಿಟ್ಟು ಹೇಳಿದರೆ ಬರೆದುಕೊಳ್ಳಲು ಅಡ್ಡಿಯಿಲ್ಲ ಅಂದರು.